ಸಾವಿರ ನಾಮಪದಗಳ ಪಟ್ಟಿ ಬೇಡ, ಮೊದಲು ಮಾತ್ರೆ ಎಣಿಸಲು ಕಲಿಯಿರಿ

ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ಮೊದಲ ಮೆಟ್ಟಿಲಾದ ಎನ್5 ಪರೀಕ್ಷೆ ಡಿಸೆಂಬರಿನಲ್ಲಿದೆ, ಅದಕ್ಕೆ ಮುನ್ನ ದಿನಬಳಕೆಯ ಸಾವಿರ ಜಪಾನೀ ನಾಮಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬಾಯಿಪಾಠ ಮಾಡಿಕೊಂಡು, ಲಿಪಿ ಮತ್ತು ವ್ಯಾಕರಣವನ್ನು ಆಮೇಲೆ ನೋಡಿಕೊಳ್ಳುವುದಾಗಿ ಬರೆದಿದ್ದೀರಿ. ಅದಕ್ಕೆ ಯಾವ ಪಟ್ಟಿ ಒಳ್ಳೆಯದು, ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿದ್ದೀರಿ. ನಾನು ಇದೇ ಯೋಜನೆಯನ್ನು ಚಾಚೂ ತಪ್ಪದೆ ಪಾಲಿಸಿದವನು. ಅದರಿಂದಾಗಿ ಕೈಗೆ ಬಂದಿದ್ದ ಕೆಲಸವೊಂದು ತಪ್ಪಿಹೋಯಿತು.

ಬಿಡದಿಯ ಕಡೆ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿನ ಗೋಡೆಯ ಮೇಲೆ ಸೇರಿ, ಸೇತೊನ್, ಸೇಸೋ, ಸೇಕೆತ್ಸು, ಶಿತ್ಸುಕೆ ಎಂಬ ಐದು ಪದಗಳ ಫಲಕವಿತ್ತು. ಬೇಡದ್ದನ್ನು ಬೇರ್ಪಡಿಸುವುದು, ಬೇಕಾದ್ದನ್ನು ಅದರದರ ಜಾಗದಲ್ಲಿಡುವುದು, ಗುಡಿಸಿ ಒರೆಸುವುದು, ಆ ಅಚ್ಚುಕಟ್ಟನ್ನು ಕಾಯ್ದುಕೊಳ್ಳುವುದು, ಅದನ್ನು ರೂಢಿಯಾಗಿಸಿಕೊಳ್ಳುವುದು ಎಂಬ ಅರ್ಥದ ಈ ‘ಫೈವ್ ಎಸ್’ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇತ್ತು. ಕೈಜೆನ್ (ಸುಧಾರಣೆ), ಮುದ (ವ್ಯರ್ಥ) ಎಂಬ ಮಾತುಗಳು ಕ್ಯಾಂಟೀನಿನಲ್ಲೂ ಕೇಳಿಬರುತ್ತಿದ್ದವು. ಇಷ್ಟು ಪದಗಳು ಇಷ್ಟು ಸಲೀಸಾಗಿ ನಾಲಿಗೆಗೆ ಹತ್ತಿದ್ದರಿಂದ, ನಾಮಪದಗಳನ್ನು ರಾಶಿ ಹಾಕಿಕೊಂಡರೆ ಭಾಷೆ ತಾನಾಗಿ ಹಿಂದೆ ಬರುತ್ತದೆ ಎಂಬ ನಂಬಿಕೆ ನನ್ನಲ್ಲಿ ಬೇರೂರಿತು. ಸಾಲ ಮಾಡಿ ಜಪಾನಿನ ನಗೋಯಾದ ಭಾಷಾಶಾಲೆಯೊಂದಕ್ಕೆ ಸೇರಲು ಹೊರಟಾಗ ನನ್ನ ಫೋನಿನಲ್ಲಿ ನಾನೇ ಟೈಪು ಮಾಡಿದ ನಾಮಪದಗಳ ಚೀಟಿಗಳ ದೊಡ್ಡ ಕಟ್ಟೇ ಇತ್ತು: ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಜಪಾನೀ.

ಅಲ್ಲಿ ವಿದ್ಯಾರ್ಥಿ ವೀಸಾದವರಿಗೆ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಲು ಅವಕಾಶವಿದೆ. ಹಾಗೆ ದುಡಿಯುತ್ತ, ಓದು ಮುಗಿಯುವ ಹಂತಕ್ಕೆ ಬಂದಾಗ ಐಚಿ ಪ್ರಾಂತ್ಯದಲ್ಲೇ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದೆ. ಒಂದು ಸಂಜೆ ಅಲ್ಲಿಂದ ಫೋನು ಬಂತು. ಮುಂದಿನ ತಿಂಗಳು ‘ಯೊಕ್ಕ’, ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನ ಎಂದು ಕಂಪನಿಯ ಮಹಿಳೆಯೊಬ್ಬರು ಹೇಳಿದರು. ಖಚಿತಪಡಿಸಿಕೊಳ್ಳುವ ಜಾಣತನ ನನ್ನಲ್ಲೂ ಇತ್ತು. “ಯೊಕ ದೆಸು ನೆ?” (ಯೊಕ ತಾನೇ?) ಎಂದು ಕೇಳಿದೆ. “ಹೈ, ಯೊಕ್ಕ ದೆಸು” (ಹೌದು, ಯೊಕ್ಕ) ಎಂಬ ಉತ್ತರ ಬಂತು. ನಾನು ಕ್ಯಾಲೆಂಡರಿನಲ್ಲಿ 8ನೆಯ ತಾರೀಖಿಗೆ ಗುರುತು ಹಾಕಿದೆ. ಯೊಕ್ಕ ಎಂದರೆ ನಾಲ್ಕನೆಯ ತಾರೀಖು. ಎಂಟನೆಯ ತಾರೀಖು ‘ಯೋಕ’.

ನಾಲ್ಕರಂದು ಬೆಳಿಗ್ಗೆ ಅವರು ಫೋನು ಮಾಡಿದ್ದೂ ಉಂಟು. ಆಗ ತರಗತಿಯಲ್ಲಿದ್ದೆ. ಬಿಡುವಿನಲ್ಲಿ ಧ್ವನಿಸಂದೇಶವನ್ನು ಕೇಳಿಸಿಕೊಂಡಾಗ ಕಂಪನಿಯ ಹೆಸರನ್ನು ಬಿಟ್ಟು ಮತ್ತೇನೂ ತಿಳಿಯಲಿಲ್ಲ. ಸಂದರ್ಶನವನ್ನು ನೆನಪಿಸುತ್ತಿರಬೇಕು, ಎಂಥ ಶಿಸ್ತಿನ ಜನ ಎಂದು ಮೆಚ್ಚಿಕೊಂಡು ಸುಮ್ಮನಾದೆ. ಎಂಟರಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ನಿಂತಾಗ ಹಿರಿಯರೊಬ್ಬರು ಹೊರಗೆ ಬಂದು, ಕೂರಿಸಿ, ಚಹಾ ತರಿಸಿಕೊಟ್ಟು, ಆ ಜಾಗಕ್ಕೆ ಬೇರೆಯವರನ್ನು ಆರಿಸಿಯಾಗಿದೆ ಎಂಬುದನ್ನು ನನಗೆ ಅರ್ಥವಾಗುವಷ್ಟು ಸರಳ ಮಾತುಗಳಲ್ಲಿ ತಿಳಿಸಿದರು. ವೀಸಾದ ಅವಧಿ ಮುಗಿಯುವುದರೊಳಗೆ ಬೇರೆ ಕೆಲಸ ಸಿಗಲಿಲ್ಲ. ಊರಿಗೆ ಮರಳಿದೆ; ಮತ್ತೆ ಹೋಗಲು ಹೊಸ ಅರ್ಜಿ, ಹೊಸ ಸಾಲ.

ಈ ತಪ್ಪು ಹೇಗಾಯಿತೆಂಬುದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಇದನ್ನೇ. ಇಂಗ್ಲಿಷ್ ಅಕ್ಷರಗಳಲ್ಲಿ ಜಪಾನೀ ಬರೆಯುವಾಗ ದೀರ್ಘ ಓಕಾರವನ್ನು ತೋರಿಸಲು ‘ಓ’ ಅಕ್ಷರದ ನೆತ್ತಿಯ ಮೇಲೊಂದು ಅಡ್ಡಗೆರೆ ಎಳೆಯಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದು ಸ್ವರವನ್ನು ಸೇರಿಸಬೇಕು. ಫೋನಿನ ಕೀಲಿಮಣೆಯಲ್ಲಿ ಆ ಗೆರೆ ಸುಲಭವಾಗಿ ಸಿಗದು. ಹಾಗಾಗಿ ಅದನ್ನು ಬಿಟ್ಟುಬಿಟ್ಟೆ. ಅಲ್ಲಿಗೆ ‘ಯೋಕ’ ನನ್ನ ಚೀಟಿಯಲ್ಲಿ ‘ಯೊಕ’ ಆಯಿತು. ‘ಯೊಕ್ಕ’ವನ್ನೇನೋ ಎರಡು ‘ಕೆ’ ಹಾಕಿ ಸರಿಯಾಗಿಯೇ ಟೈಪು ಮಾಡಿದ್ದೆ. ಆದರೆ ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ಕಣ್ಣು ಇಂಗ್ಲಿಷಿನ ಅಭ್ಯಾಸದಂತೆಯೇ ಓದುತ್ತದೆ. ಕಾಫಿಗೆ ಎರಡು ‘ಎಫ್’ ಇದ್ದರೂ ನಾವ್ಯಾರೂ ‘ಕಾಫ್ಫಿ’ ಎನ್ನುವುದಿಲ್ಲವಲ್ಲ, ಹಾಗೆಯೇ ಎರಡು ‘ಕೆ’ ಇದ್ದ ಪದವನ್ನೂ ನಾನು ‘ಯೊಕ’ ಎಂದೇ ಓದಿಕೊಂಡೆ. ಎರಡು ಬೇರೆ ಬೇರೆ ತಾರೀಖುಗಳು ನನ್ನ ತಲೆಯಲ್ಲಿ ಒಂದೇ ಉಲಿಯಾಗಿ ಕೂತವು. ಫೋನಿನಲ್ಲಿ ನಾನು ಕೇಳಿದ ‘ಯೊಕ’ ಎಂಬುದು ನಾಲ್ಕೂ ಅಲ್ಲ, ಎಂಟೂ ಅಲ್ಲ. ಆದರೆ ಸಂದರ್ಭ ಗೊತ್ತಿದ್ದ ಆಕೆ ಅದನ್ನು ತಿದ್ದಿಕೊಂಡು ಯೊಕ್ಕ ಎಂದೇ ಕೇಳಿಸಿಕೊಂಡರು. (‘ಯೊಕ’ ಎಂಬ ಪದ ಜಪಾನಿಯಲ್ಲಿ ಬೇರೆಯೇ ಇದೆ. ಅದರ ಅರ್ಥ ಬಿಡುವಿನ ವೇಳೆ. ಆ ಸಂದರ್ಶನದ ನಂತರ ನನಗೆ ಅದು ಯಥೇಚ್ಛವಾಗಿ ದೊರೆಯಿತು.)

ಕನ್ನಡಿಗನಾಗಿ ಈ ತಪ್ಪು ಮಾಡಿದೆನಲ್ಲ ಎಂಬುದೇ ನನ್ನ ನಿಜವಾದ ಸಂಕಟ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು, ಗುರು ಗುರುತಿಸಿದ್ದು ನಿಮಗೂ ನೆನಪಿರಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅನುಸ್ವಾರವಿರುವ ಅಕ್ಷರವೂ ವ್ಯಂಜನದಿಂದ ಕೊನೆಯಾಗುವ ಅಕ್ಷರವೂ ಗುರು. ಜಪಾನಿಯರು ‘ಹಕು’ ಎಂದು ಎಣಿಸುವ ಕಾಲದ ಅಳತೆ ಹೆಚ್ಚುಕಡಿಮೆ ಇದೇ ಆಗಿದೆ. ಹೈಕುವಿನ 5-7-5 ಎಂಬ ಲೆಕ್ಕವೂ ಈ ಅಳತೆಯದೇ. ಅವರ ಲೆಕ್ಕದಲ್ಲಿ ದೀರ್ಘಸ್ವರದ ಎಳೆತಕ್ಕೆ ಒಂದು ಹಕು, ಒತ್ತಿನ ಮೊದಲ ಅರ್ಧಕ್ಕೆ ಒಂದು ಹಕು, ‘ನ್’ ಎಂಬುದಕ್ಕೂ ಒಂದು ಹಕು. ಯೊಕ್ಕ ನಮ್ಮ ಲೆಕ್ಕದಲ್ಲಿ ಗುರು-ಲಘು, ಮೂರು ಮಾತ್ರೆ. ಯೋಕ ಕೂಡ ಗುರು-ಲಘು, ಮೂರು ಮಾತ್ರೆ. ನಾನು ಹೇಳಿದ ಯೊಕ ಬರೀ ಎರಡು ಮಾತ್ರೆ. ಪುಸ್ತಕವೆಂಬ ಅರ್ಥದ ‘ಹೊನ್’ ಎರಡು ಮಾತ್ರೆ. ನಾವು ಟೊಯೋಟಾ, ಹೋಂಡಾ ಎಂದು ಎಳೆಯುವ ಹೆಸರುಗಳು ಅಲ್ಲಿ ‘ತೊಯೊತ’, ‘ಹೊಂದ’. ಎರಡೂ ಮೂರೇ ಮಾತ್ರೆ. ನಾವು ಟೋಕಿಯೊ ಎಂದು ಬರೆಯುವ ಊರು ‘ತೋಕ್ಯೋ’, ಎರಡು ಗುರು, ನಾಲ್ಕು ಮಾತ್ರೆ. ಗಮನಿಸಿದರೆ ಟಕಾರ, ಡಕಾರಗಳೂ ನಾವು ಇಂಗ್ಲಿಷಿನ ಮೂಲಕ ತಂದುಕೊಂಡ ರೂಢಿಯೇ. ಜಪಾನೀ ಉಲಿಗಳು ನಮ್ಮ ತ, ದ ಗಳಿಗೆ ಹತ್ತಿರ.

ಆದ್ದರಿಂದ ಮೊದಲ ಒಂದೆರಡು ವಾರ ಊರುಗೋಲು ಬೇಕೇ ಬೇಕೆಂದಾದರೆ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಇಂಗ್ಲಿಷ್ ಅಕ್ಷರಗಳಲ್ಲಿ ಖಂಡಿತ ಬೇಡ. ಹ್ರಸ್ವ ಎ-ದೀರ್ಘ ಏ, ಹ್ರಸ್ವ ಒ-ದೀರ್ಘ ಓ ಎಂಬ ಭೇದ ನಾವಿಂದು ಬರೆಯುವ ಲಿಪಿಯಲ್ಲೇ ಇದೆ. ಹಿಂದಿ ಬಲ್ಲವರಿಗೂ ಈ ಅನುಕೂಲವಿಲ್ಲ. ‘ಚಿಜು’ ಭೂಪಟ, ‘ಚೀಜು’ ಚೀಸು. ‘ಕದೊ’ ರಸ್ತೆಯ ಮೂಲೆ, ‘ಕಾದೊ’ ಕಾರ್ಡು. ‘ಒತೊ’ ಸದ್ದು, ‘ಒತ್ತೊ’ ಗಂಡ. ‘ಬಿರು’ ಎತ್ತರದ ಕಟ್ಟಡ, ‘ಬೀರು’ ಬಿಯರು. ‘ತೊರಿ’ ಹಕ್ಕಿ, ‘ತೋರಿ’ ಬೀದಿ. ಕನ್ನಡದಲ್ಲಿ ಬರೆದಾಗ ಇವುಗಳಲ್ಲಿ ಒಂದೂ ಇನ್ನೊಂದಾಗಿ ಕಾಣುವುದಿಲ್ಲ. ನನ್ನಂತೆ ಹಳೇ ಮೈಸೂರಿನ ಕಡೆಯವರಾಗಿದ್ದರೆ ಹಕಾರದ ವಿಷಯದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಿ: ‘ಹಶಿ’ ಊಟದ ಕಡ್ಡಿ, ‘ಅಶಿ’ ಕಾಲು, ‘ಹನ’ ಮೂಗು, ‘ಅನ’ ತೂತು. ಊಟದ ಕಡ್ಡಿಗೂ ಸೇತುವೆಗೂ ಹಶಿ ಎಂಬ ಒಂದೇ ಪದ, ದನಿಯ ಏರಿಳಿತದಲ್ಲಷ್ಟೇ ವ್ಯತ್ಯಾಸ ಎಂದು ಯಾರಾದರೂ ಹೆದರಿಸಿದರೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಆ ಏರಿಳಿತ ತೋಕ್ಯೋದಲ್ಲಿ ಒಂದು ಬಗೆ, ಓಸಕದಲ್ಲಿ ಇನ್ನೊಂದು ಬಗೆ. ಮಾತ್ರೆಯ ಲೆಕ್ಕ ಎರಡೂ ಕಡೆ ಒಂದೇ.

ಹಾಗೆಂದು ಕನ್ನಡ ಲಿಪಿಯಲ್ಲೇ ಉಳಿದುಬಿಡಬಾರದು. ಉಲಿಗಳನ್ನು ಬರೆಯಲು ಜಪಾನಿಯಲ್ಲಿ ಎರಡು ಲಿಪಿಗಳಿವೆ: ಹಿರಗನದ ಮೂಲಾಕ್ಷರಗಳು 46, ಕತಕನದ್ದೂ 46. ಇಂಗ್ಲಿಷ್ ಮಾಧ್ಯಮದಿಂದ ಬರುವವರಿಗೆ ಇವುಗಳ ಕ್ರಮ ವಿಚಿತ್ರವಾಗಿ ಕಾಣುತ್ತದೆ, ನಮಗೆ ಕಾಣಬಾರದು: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯ ಮೂಲಕ ಸಂಸ್ಕೃತವನ್ನು ಅಭ್ಯಾಸ ಮಾಡಿದ್ದರಿಂದ ಬಂದ ಕ್ರಮವಿದು. ಚವರ್ಗವಿರಬೇಕಾದ ಜಾಗದಲ್ಲಿ ಸ ಕೂತಿದೆ. ಪವರ್ಗದ ಜಾಗದಲ್ಲಿರುವ ಹ ಹಿಂದೊಮ್ಮೆ ಪ ಎಂದೇ ಉಲಿಯುತ್ತಿತ್ತು. ನಮ್ಮ ವರ್ಣಮಾಲೆಯ ಒಡಹುಟ್ಟಿದ ಕ್ರಮವನ್ನು ಬಿಟ್ಟು ಎ-ಬಿ-ಸಿ-ಡಿಯ ಹಿಂದೆ ನಾನೇಕೆ ಹೋದೆನೋ ತಿಳಿಯದು.

ಇನ್ನು ನಿಮ್ಮ ಪಟ್ಟಿಯ ವಿಷಯ. ಎನ್5 ಪರೀಕ್ಷೆಗೆ ಇಂತಿಷ್ಟೇ ಪದಗಳು ಎಂಬ ಅಧಿಕೃತ ಪಟ್ಟಿ ಇಲ್ಲ. 2010ರಲ್ಲಿ ಪರೀಕ್ಷೆಯ ಸ್ವರೂಪ ಬದಲಾದ ಮೇಲೆ ಅಂಥದ್ದನ್ನು ಪ್ರಕಟಿಸುವುದನ್ನೇ ನಿಲ್ಲಿಸಿದ್ದಾರೆ. ಅಂತರಜಾಲದಲ್ಲಿ ಸಿಗುವುದೆಲ್ಲ ಹಳೆಯ ಪಟ್ಟಿಗಳನ್ನೂ ಹಳೆಯ ಪ್ರಶ್ನೆಗಳನ್ನೂ ನೋಡಿ ಯಾರೋ ಮಾಡಿಕೊಂಡ ಊಹೆ. ಅವುಗಳ ಮೊದಲ ಪುಟದಲ್ಲಿ ಸೇಬು, ಪೆನ್ಸಿಲು, ಮೇಜು, ಬೆಕ್ಕು ಇರುತ್ತವೆ. ಅಲ್ಲಿದ್ದಾಗ ಪೆನ್ಸಿಲೆಂಬ ಪದವನ್ನು ನಾನು ಹೊರಗೆಲ್ಲೂ ಆಡಿದ ನೆನಪಿಲ್ಲ. ಬೇಕಾದದ್ದು ಕಗಿ (ಬೀಗದಕೈ), ಜೂಶೊ (ವಿಳಾಸ), ಯಚಿನ್ (ಮನೆ ಬಾಡಿಗೆ), ಕುಸುರಿ (ಔಷಧ), ಗೊಮಿ (ಕಸ). ಕಸವೆಂದರೂ ಒಂದೇ ಪದದಲ್ಲಿ ಮುಗಿಯುವುದಿಲ್ಲ: ಮೊಎರು ಗೊಮಿ ಸುಡಬಹುದಾದದ್ದು, ಮೊಎನೈ ಗೊಮಿ ಸುಡಲಾಗದ್ದು, ಸೊದೈ ಗೊಮಿ ಹಳೆಯ ಮಂಚ, ಕಪಾಟಿನಂಥ ದೊಡ್ಡ ಸಾಮಾನು, ಒಂದೊಂದಕ್ಕೂ ಬೇರೆ ಬೇರೆ ದಿನ. ದಿನವನ್ನು ಹೇಳಲು ಮತ್ತೆ ತಾರೀಖು, ವಾರಗಳೆಂಬ ನಾಮಪದಗಳೇ ಬೇಕು, ಮತ್ತು ಪಟ್ಟಿ ಮಾಡುವವರು ಸಾಮಾನ್ಯವಾಗಿ ‘ಸಂಖ್ಯೆಗಳು’ ಎಂದು ಕೊನೆಗೆ ತಳ್ಳಿಬಿಡುವುದು ಇವುಗಳನ್ನೇ. ಸಾವಿರ ಪದ ಕಲಿತಿದ್ದ ನನ್ನನ್ನು ಬೀಳಿಸಿದ್ದು ಆ ಕೊನೆಯ ಪುಟ.

ಹಾಗಾಗಿ ಅದನ್ನೇ ಮೊದಲು ಕಲಿಯಿರಿ. ತಿಂಗಳ ಮೊದಲ ಹತ್ತು ದಿನಗಳಿಗೆ ಅಚ್ಚ ಜಪಾನೀ ಹೆಸರುಗಳಿವೆ: ತ್ಸುಇತಚಿ, ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಇಕ, ನನೊಕ, ಯೋಕ, ಕೊಕೊನೊಕ, ತೋಕ. ಇಪ್ಪತ್ತು ಹತ್ಸುಕ, ಹದಿನಾಲ್ಕು, ಇಪ್ಪತ್ತನಾಲ್ಕರಲ್ಲಿ ಮತ್ತೆ ಯೊಕ್ಕ ಇಣುಕುತ್ತದೆ, ಉಳಿದವುಗಳಿಗೆ ಸಂಖ್ಯೆಯ ಮುಂದೆ ‘ನಿಚಿ’ ಹಚ್ಚಿದರಾಯಿತು. ಈ ಹಳೆಯ ಎಣಿಕೆಯಲ್ಲಿ ಒಂದು ಚೆಂದದ ಗುಟ್ಟಿದೆ. ಒಂದು-ಎರಡು ಹಿತೊ-ಫುತ, ಮೂರು-ಆರು ಮಿ-ಮು, ನಾಲ್ಕು-ಎಂಟು ಯೊ-ಯ: ಇಮ್ಮಡಿಯಾದಾಗ ವ್ಯಂಜನದ ಗುರುತು ಉಳಿದು ಸ್ವರ ಮಾತ್ರ ಬದಲಾಗುತ್ತದೆ. (ಹಿ, ಫು ಎರಡೂ ಹಳೆಯ ಪಕಾರದಿಂದಲೇ ಬಂದವು.) ಎಂಟರ ‘ಯ’ಕ್ಕೆ ಸೇರಿದ ‘ಯಉಕ’ ಎಂಬುದೇ ಕಾಲಕ್ರಮದಲ್ಲಿ ಯೋಕ ಆಯಿತು. ಅಂದರೆ ನನ್ನನ್ನು ಕೆಡವಿದ ಎರಡು ಪದಗಳು ಹುಟ್ಟಿನಿಂದಲೇ ಅಣ್ಣತಮ್ಮಂದಿರು. ಇದು ನನಗೆ ಮೊದಲೇ ತಿಳಿದಿದ್ದರೆ ಎರಡನ್ನೂ ಜೊತೆಯಾಗಿಟ್ಟು ಕಲಿಯುತ್ತಿದ್ದೆ.

ಯಾರಾದರೂ ತಾರೀಖು ಹೇಳಿದರೆ ವಾರವನ್ನೂ ಕೇಳಿಬಿಡಿ. ವಾರದ ಹೆಸರುಗಳು ನಮಗೆ ಹೊಸದಾಗಿ ಕಲಿಯಬೇಕಾದವೇ ಅಲ್ಲ. ಗೆತ್ಸುಯೋಬಿ ಚಂದ್ರನದು, ನಮ್ಮ ಸೋಮವಾರ, ಕಯೋಬಿಯ ‘ಕ’ ಎಂದರೆ ಬೆಂಕಿ, ಮಂಗಳ ಗ್ರಹ ಅಲ್ಲಿ ಬೆಂಕಿಯ ತಾರೆ, ನೀರಿನ ತಾರೆ ಬುಧ, ಸುಇಯೋಬಿ, ಮರದ ತಾರೆ ಗುರು, ಮೊಕುಯೋಬಿ, ಲೋಹದ ತಾರೆ ಶುಕ್ರ, ಕಿನ್‌ಯೋಬಿ, ಮಣ್ಣಿನ ತಾರೆ ಶನಿ, ದೊಯೋಬಿ, ಸೂರ್ಯನದು ನಿಚಿಯೋಬಿ. ಗ್ರಹಗಳ ಲೆಕ್ಕದ ಈ ವಾರವನ್ನು ತಿಳಿಸುವ ಬೌದ್ಧ ಜ್ಯೋತಿಷ ಗ್ರಂಥವನ್ನು ಕೂಕೈ ಎಂಬ ಭಿಕ್ಷು 806ರಲ್ಲಿ ಚೀನಾದಿಂದ ಮರಳುವಾಗ ಜಪಾನಿಗೆ ಒಯ್ದರು. ಏಳು ಹೆಸರುಗಳನ್ನು ನಮ್ಮ ಏಳು ಗ್ರಹಗಳಿಗೆ ಜೋಡಿಸಿಕೊಂಡರೆ ಅರ್ಧ ಗಂಟೆಯ ಕೆಲಸ.

ನಾಮಪದ ಮೊದಲು, ವ್ಯಾಕರಣ ಆಮೇಲೆ ಎಂಬ ನಿಮ್ಮ ವಿಭಾಗವನ್ನೂ ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ವಿಭಕ್ತಿಪ್ರತ್ಯಯವಿಲ್ಲದ ನಾಮಪದವನ್ನು ಎಷ್ಟು ಹೊತ್ತು ಆಡಬಲ್ಲಿರಿ? ಜಪಾನಿಯಲ್ಲೂ ನಾಮಪದದ ಬೆನ್ನಿಗೆ ಒಂದು ಸಣ್ಣ ಪದ ಅಂಟಿಕೊಂಡೇ ಬರುತ್ತದೆ. ಬಸು ದೆ ಇಕಿಮಸು: ಬಸ್ಸಿನಲ್ಲಿ ಹೋಗುತ್ತೇನೆ. ಬಸು ನಿ ನೊರಿಮಸು: ಬಸ್ಸು ಹತ್ತುತ್ತೇನೆ. ಬಸು ಒ ಒರಿಮಸು: ಬಸ್ಸು ಇಳಿಯುತ್ತೇನೆ. ‘ಬಸು’ ಎಂಬ ಒಂದೇ ಚೀಟಿಯ ಬದಲು ಈ ಮೂರು ವಾಕ್ಯಗಳನ್ನು ಬರೆದುಕೊಂಡರೆ ವ್ಯಾಕರಣವೂ ಒಳಗೆ ಬಂದಿರುತ್ತದೆ. ವಾಕ್ಯದ ಜೋಡಣೆ ನಮ್ಮದೇ, ಕ್ರಿಯಾಪದ ಕೊನೆಗೆ. ಒಂದೆರಡು ಕಡೆ ಮಾತ್ರ ಕಾಲು ಜಾರುತ್ತದೆ: ನಮ್ಮ ‘ಅಲ್ಲಿ’ ಪ್ರತ್ಯಯ ಅವರಲ್ಲಿ ಎರಡಾಗಿ ಒಡೆಯುತ್ತದೆ. ಮನೆಯಲ್ಲಿ ಇದ್ದೇನೆ ಎನ್ನಲು ಉಚಿ ನಿ, ಮನೆಯಲ್ಲಿ ಊಟ ಮಾಡುತ್ತೇನೆ ಎನ್ನಲು ಉಚಿ ದೆ. ಇರುವಿಕೆಗೆ ನಿ, ಕೆಲಸ ನಡೆಯುವ ಜಾಗಕ್ಕೆ ದೆ. ಹಾಗೆಯೇ ‘ನಾಯಿ ಇದೆ’ ಎಂದು ಕನ್ನಡದಿಂದ ನೇರವಾಗಿ ಇಳಿಸಿ ‘ಇನು ಗ ಅರಿಮಸು’ ಎಂದುಬಿಡುತ್ತೇವೆ. ಜೀವವಿರುವ ನಾಯಿಗೆ ‘ಇಮಸು’ ಬೇಕು.

ಎಣಿಸುವಾಗಲೂ ನಾಮಪದದ ಜಾತಿ ತಿಳಿದಿರಬೇಕು. ಉದ್ದನೆಯ ವಸ್ತುಗಳಿಗೆ ಇಪ್ಪೊನ್, ನಿಹೊನ್, ಸಂಬೊನ್, ಕಾಗದದಂತೆ ಚಪ್ಪಟೆಯಾದವಕ್ಕೆ ಮೈ, ಪುಸ್ತಕಕ್ಕೆ ಸತ್ಸು, ಯಂತ್ರಗಳಿಗೆ ದೈ. ಇದನ್ನು ಕಂಡು ಬೇರೆ ದೇಶದವರು ಕಂಗಾಲಾಗುತ್ತಾರೆ, ಆದರೆ ಮನುಷ್ಯರಿಗೆ ಒಬ್ಬ, ಇಬ್ಬರು, ಮೂವರು ಎಂದೂ ವಸ್ತುಗಳಿಗೆ ಒಂದು, ಎರಡು, ಮೂರು ಎಂದೂ ಎಣಿಸುವ ನಮಗೆ ಹಿತೊರಿ, ಫುತರಿ, ಸನ್ನಿನ್ ಎಂಬುದು ಏನೂ ಅಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕಕ್ಕೂ ಅಲ್ಲಿ ಅನಿ, ಒತೋತೊ, ಅನೆ, ಇಮೋತೊ ಎಂದು ನಾಲ್ಕು ಪದಗಳೇ ಇವೆ. ಇಂಗ್ಲಿಷಿನ ಮೂಲಕ ಕಲಿತರೆ ಈ ನಾಲ್ಕನ್ನು ಎರಡಾಗಿ ಕುಗ್ಗಿಸಿ ಮತ್ತೆ ನಾಲ್ಕಾಗಿ ಹಿಗ್ಗಿಸುವ ವ್ಯರ್ಥ ಕಸರತ್ತು ಮಾಡಬೇಕಾಗುತ್ತದೆ. ಬೇರೆಯವರ ಅಣ್ಣನನ್ನು ಮಾತ್ರ ಗೌರವದಿಂದ ಒನೀಸನ್ ಎನ್ನಬೇಕು.

ಒಂದೇ ವಸ್ತುವಿಗೆ ಎರಡೆರಡು ಪದಗಳೇಕೆ ಎಂಬ ಪ್ರಶ್ನೆ ನಿಮಗೂ ಬರುತ್ತದೆ. ನೀರು ಮಿಜು, ಆದರೆ ನಲ್ಲಿಯ ನೀರಿನ ವ್ಯವಸ್ಥೆ ಸುಇದೋ. ನಾವು ಕುಡಿಯಲು ನೀರು ಕೇಳುತ್ತೇವೆ, ಆದರೆ ಅಣೆಕಟ್ಟೆಯ ಹಿಂದಿನದ್ದನ್ನು ಜಲಾಶಯ ಎನ್ನುತ್ತೇವಲ್ಲ, ಅದೇ ರೀತಿ. ನಮಗೆ ಸಂಸ್ಕೃತ ಮಾಡಿದ ಕೆಲಸವನ್ನು ಅವರಿಗೆ ಚೀನೀ ಭಾಷೆ ಮಾಡಿದೆ. ಮೂರನೆಯ ಗುಂಪು ಅನ್ಯದೇಶ್ಯಗಳದು, ಕತಕನದಲ್ಲಿ ಬರೆಯುವಂಥವು. ‘ಪನ್’ ಎಂಬ ಬ್ರೆಡ್ಡು ಪೋರ್ಚುಗೀಸರದು, ನಮ್ಮ ಪಾವ್ ಕೂಡ ಅಲ್ಲಿಂದಲೇ ಬಂದದ್ದು. ‘ಬೈಕು’ ಎಂದರೆ ನಮ್ಮಲ್ಲಿರುವಂತೆಯೇ ಮೋಟಾರು ಸೈಕಲ್ಲು. ಆದರೆ ಪರಿಚಿತವೆಂದು ಎಲ್ಲವನ್ನೂ ನಂಬಬೇಡಿ: ‘ಮನ್ಶೊನ್’ ಎಂಬುದು ಬಂಗಲೆಯಲ್ಲ, ಅಪಾರ್ಟ್‌ಮೆಂಟು, ‘ಸುತೋಬು’ ಅಡುಗೆಯ ಒಲೆಯಲ್ಲ, ಕೋಣೆಯನ್ನು ಬೆಚ್ಚಗಿಡುವ ಯಂತ್ರ, ‘ಕೊನ್ಸೆಂತೊ’ ಎಂದರೆ ಗೋಡೆಯಲ್ಲಿ ಪ್ಲಗ್ಗು ಸಿಕ್ಕಿಸುವ ಜಾಗ.

ಪರೀಕ್ಷೆಯ ಬಗ್ಗೆ ನಿಮಗಿರುವ ಆತುರಕ್ಕೆ ಒಂದು ಮಾತು. ಎನ್5ರಲ್ಲಿ 180ಕ್ಕೆ 80 ಅಂಕ ಬಂದರೆ ಸಾಲದು, 60 ಅಂಕಗಳ ಆಲಿಸುವ ಭಾಗದಲ್ಲಿ ಪ್ರತ್ಯೇಕವಾಗಿ ಕನಿಷ್ಠ 19 ಬರಲೇಬೇಕು. ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್ ಅಕ್ಷರಗಳ ಆಸರೆಯೂ ಇರುವುದಿಲ್ಲ. ನಿಮ್ಮ ಯೋಜನೆ ಈ ಎರಡಕ್ಕೂ ತಯಾರು ಮಾಡುವುದಿಲ್ಲ.

ಆ್ಯಪ್ ಯಾವುದಾದರೂ ಆದೀತು. ಪ್ರತಿ ಪದಕ್ಕೂ ಜಪಾನಿಯರದೇ ದನಿ ಇರಬೇಕು, ನಿಮ್ಮದೇ ವಾಕ್ಯಗಳನ್ನು ಸೇರಿಸಿಕೊಳ್ಳಲು ಅವಕಾಶವಿರಬೇಕು. ಹಾಕಿಕೊಂಡ ಕೂಡಲೇ ಸೆಟ್ಟಿಂಗ್ಸಿಗೆ ಹೋಗಿ ಇಂಗ್ಲಿಷ್ ಅಕ್ಷರಗಳನ್ನು ತೋರಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ; ಆಫ್ ಮಾಡಲು ಬಾರದಿದ್ದರೆ ಆ ಆ್ಯಪನ್ನೇ ತೆಗೆದುಹಾಕಿ ಬೇರೆಯದನ್ನು ನೋಡಿ.